ಪ್ರೆಸ್ಸಿಗೆ ಒಂದೇ ಜೀಮೈಲ್, ನೋಡ್ಲಿಕ್ಕೆ ಇಬ್ಬರು: ಮೂರು ವರ್ಷ ಬಳಸಿದ ಮೇಲೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಲ್ಲಿ ನಾನು ಡಿಟಿಪಿ, ಅಂದ್ರೆ ಕಂಪ್ಯೂಟರಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡುವುದು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ನೋಟೀಸು ಇಂಥದ್ದೇ ಕೆಲಸ. ಬೆಳಿಗ್ಗೆಯಿಂದ ಎರಡು ಗಂಟೆ ತನಕ ನಾನು, ಮತ್ತೆ ಸಂಜೆವರೆಗೆ ಅಕ್ಕ. ಮೈಲ್ ಮಾತ್ರ ಒಂದೇ, ನೋಡುವುದು ಕಂಪ್ಯೂಟರಲ್ಲೇ.

ಒಂದೇ ಪಾಸ್‌ವರ್ಡು ಇಬ್ಬರ ಕೈಯಲ್ಲಿದ್ರೆ ಎಂತ ಆಗ್ತದೆ ಅಂದ್ರೆ, ನಾನು ತೆಗೆದು ನೋಡಿದ ಮೈಲಿನ ದಪ್ಪ ಅಕ್ಷರ ಹೋಗ್ತದೆ, ಅಕ್ಕ ಬಂದು ನೋಡುವಾಗ ಅದು ಮುಗಿದ ಕೆಲಸದ ಹಾಗೆ ಕಾಣ್ತದೆ. ಒಂದು ಬ್ರಹ್ಮಕಲಶದ ಆಮಂತ್ರಣಕ್ಕೆ ಮುಹೂರ್ತದ ಗಂಟೆ ಬದಲಾಯಿಸಿ ಮುಂಬೈಯಿಂದ ಮೈಲ್ ಬಂದಿತ್ತು, ನಾನು ಹೊರಡುವ ಗಡಿಬಿಡಿಯಲ್ಲಿ ತೆಗೆದು ನೋಡಿ ಹೋದೆ, ಅಕ್ಕ ನಾನು ತಿದ್ದಿದ್ದೇನೆ ಅಂತ ಗ್ರಹಿಸಿ ಹಳೇ ಪ್ರೂಫನ್ನೇ ಮಿಷನಿಗೆ ಕೊಟ್ರು. ಸಾವಿರ ಪ್ರತಿ. ಆರ್ಟ್ ಪೇಪರಿನ ದುಡ್ಡು ಹೋದದ್ದು ಒಂದು ಕಡೆ, ದೇವರ ಕಾರ್ಯದ ಕಾಗದದಲ್ಲಿ ಹೊತ್ತು ತಪ್ಪಿತಲ್ಲ ಅಂತ ಅಕ್ಕ ಎರಡು ದಿನ ಸರಿ ಊಟ ಮಾಡ್ಲಿಲ್ಲ.

ಅವತ್ತಿಂದ ಒಂದು ಕ್ರಮ ಮಾಡಿದೆವು. ಸೆಟ್ಟಿಂಗ್ಸಲ್ಲಿ ಕೀಬೋರ್ಡ್ ಶಾರ್ಟ್‌ಕಟ್ ಆನ್ ಮಾಡಿ, ಓದಿಯೂ ಕೆಲಸ ಆಗದ್ದಕ್ಕೆಲ್ಲ ಶಿಫ್ಟ್ ಮತ್ತು ಯು ಒತ್ತುವುದು, ದಪ್ಪ ಅಕ್ಷರ ವಾಪಾಸು ಬರ್ತದೆ. ಪಂಚಾಯತಿನಿಂದ ಮಲಯಾಳದಲ್ಲಿ ಬಂದದ್ದಕ್ಕೆ ನಾನು ಸ್ಟಾರ್ ಹಾಕಿಡ್ತೇನೆ, ನಾನು ಕನ್ನಡ ಮೀಡಿಯಂ, ಓದ್ತೇನೆ ಆದ್ರೆ ಆಫೀಸಿನ ಮಲಯಾಳ ಪೂರ್ತಿ ತಲೆಗೆ ಹೋಗುವುದಿಲ್ಲ, ಅಕ್ಕನಿಗೆ ಅದು ನೀರು ಕುಡಿದ ಹಾಗೆ. ಎರಡು ಗಂಟೆಗೆ ಅಕ್ಕ ಛತ್ರಿ ಮೂಲೆಗಿಟ್ಟು "ದಪ್ಪ ಎಷ್ಟುಂಟು ಇವತ್ತು?" ಕೇಳ್ತಾರೆ, ಇಬ್ಬರೂ ನಿಂತುಕೊಂಡೇ ಒಮ್ಮೆ ಮೇಲಿಂದ ಕೆಳಗೆ ನೋಡಿ ಮತ್ತೇ ನಾನು ಬಸ್ಸಿಗೆ ಹೋಗುವುದು. ಆ ಐದು ನಿಮಿಷ ನನಗೆ ತುಂಬಾ ಇಷ್ಟ.

ಆದ್ರೆ ಓಟಿಪಿ ತೊಂದ್ರೆ ಹಾಗೇ ಇತ್ತು. ಲಾಗಿನ್ ಹೋದ್ರೆ ಕೋಡ್ ಬರುವುದು ನನ್ನ ಫೋನಿಗೆ, ನಾನು ಅಡಿಕೆ ತೋಟದಲ್ಲಿ, ಅಲ್ಲಿ ರೇಂಜೇ ಇಲ್ಲ.

ಹೋದ ವರ್ಷ ಡೆಲಿಗೇಟ್ ಮಾಡುವುದು, ಅಂದ್ರೆ ನಮ್ಮ ಮೈಲ್ ನೋಡ್ಲಿಕ್ಕೆ ಇನ್ನೊಬ್ಬರಿಗೆ ಅನುಮತಿ ಕೊಡುವುದು ಗೊತ್ತಾಯ್ತು, ಇದು ಮೊದಲೇ ಗೊತ್ತಿದ್ರೆ ಆ ಓಟಿಪಿ ತೊಂದ್ರೆ ತಪ್ತಿತ್ತು. ಸೆಟ್ಟಿಂಗ್ಸ್, ಅಕೌಂಟ್ಸ್ ಆ್ಯಂಡ್ ಇಂಪೋರ್ಟ್, ಅಲ್ಲಿ ಅಕ್ಕನ ಸ್ವಂತ ಜೀಮೈಲ್ ಸೇರಿಸಿದೆ. ಈಗ ಅವರು ಅವರ ಪಾಸ್‌ವರ್ಡಲ್ಲೇ ಪ್ರೆಸ್ಸಿನ ಮೈಲ್ ಓದ್ತಾರೆ, ಉತ್ತರ ಕೊಡ್ತಾರೆ, ಪಾಸ್‌ವರ್ಡ್ ಬದಲಾಯಿಸ್ಲಿಕ್ಕೆ ಆಗುವುದಿಲ್ಲ. ಕಳಿಸಿದ್ದು ಯಾರು ಅಂತಲೂ ಕಾಣುವ ಹಾಗೆ ಇಡ್ಬಹುದು. ಎಲ್ಲಕ್ಕಿಂತ ಒಳ್ಳೆದು, ಬೇರೆಯವರು ತೆಗೆದ್ರೂ ಓದದ ಹಾಗೆಯೇ ಇರಲಿ ಅಂತ ಒಂದು ಆಯ್ಕೆ ಉಂಟು. ಅಂದ್ರೆ ಅಕ್ಕ ತೆಗೆದದ್ದು ದಪ್ಪವಾಗಿಯೇ ಇರ್ತದೆ. ನಾನು ತೆಗೆದದ್ದಕ್ಕೆ ನಾನೇ ಶಿಫ್ಟ್ ಯು ಒತ್ತಬೇಕು, ಅದು ತಪ್ಪಿಲ್ಲ.

ತಲೆಗೆ ಇಷ್ಟು ಅಂತ ತಿಂಗಳ ದುಡ್ಡು ಕೊಡುವ ಬಿಸಿನೆಸ್ ಪ್ಲಾನು ನಮ್ಮಂಥ ಇಬ್ಬರ ಪ್ರೆಸ್ಸಿಗೆ ಬೇಡ, ಇದು ಫ್ರೀಯಲ್ಲೇ ಆಗ್ತದೆ. ಸೇರಿಸಿದ ಮೇಲೆ ಅವರಿಗೆ ಬರುವ ಲಿಂಕನ್ನು ಒಂದು ವಾರದ ಒಳಗೆ ಒತ್ತಬೇಕು, ಅಕ್ಕ ಅದನ್ನು ನೋಡದೆ ನಾನು ಎರಡನೇ ಸಲ ಕಳಿಸಬೇಕಾಯ್ತು, ಫೋನ್ ಮಾಡಿ ಹೇಳಿಯೇ ಕಳಿಸಿ.