ಕಾದಿಸ್‌ನಲ್ಲಿ ಸ್ಪ್ಯಾನಿಷ್ ಕಲಿಕೆ: ಶಾಲೆಗೆ ಮೂರು ನಕ್ಷತ್ರ, ಊರಿಗೆ ಐದು

ಸ್ಪ್ಯಾನಿಷ್ ಕಲಿಯಲು ಸ್ಪೇನಿಗೇ ಹೋಗುತ್ತೇನೆ ಎಂದರೆ ಎಲ್ಲರೂ ಮ್ಯಾಡ್ರಿಡ್, ಬಾರ್ಸಿಲೋನಾ, ಸಲಮಾಂಕಾ ಎನ್ನುತ್ತಾರೆ. ನಾನು ಆಯ್ದುಕೊಂಡದ್ದು ದಕ್ಷಿಣದ ಆಂಡಲೂಸಿಯಾದ ಕಾದಿಸ್. ಹಳೆಯ ಊರನ್ನು ಹೆಚ್ಚುಕಡಿಮೆ ಎಲ್ಲ ಕಡೆಯಿಂದಲೂ ಅಟ್ಲಾಂಟಿಕ್ ಸುತ್ತುವರಿದಿದೆ. ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಅಲ್ಲಿ ಇದ್ದು ಬಂದವಳಾಗಿ ಮೊದಲೇ ಹೇಳಿಬಿಡುತ್ತೇನೆ: ಕ್ರಿಯಾಪದಗಳ ಮೂಲ ರೂಪಗಳನ್ನು ಕಲಿತುಕೊಂಡು ಹೋದವರಿಗೆ ಈ ಊರು ಚಿನ್ನ. ಅಕ್ಷರಮಾಲೆಯಿಂದ ಆರಂಭಿಸಬೇಕಾದವರು ಬೇರೆ ಊರು ನೋಡಿಕೊಳ್ಳುವುದು ಒಳ್ಳೆಯದು.

ಶಾಲೆಯ ಹೆಸರು ಹೇಳುವುದಿಲ್ಲ. ಏಕೆಂದರೆ ನನ್ನ ದೂರುಗಳು ಇಂಥ ಬಹುತೇಕ ಖಾಸಗಿ ಭಾಷಾ ಶಾಲೆಗಳಿಗೆ ಅನ್ವಯಿಸುವಂಥವು. ಬೆಳಗ್ಗೆ ಎರಡು ಗಂಟೆ ವ್ಯಾಕರಣ, ಎರಡು ಗಂಟೆ ಸಂಭಾಷಣೆ. ಪ್ರತಿ ಸೋಮವಾರ ಹೊಸಬರು ಸೇರುತ್ತಾರೆ, ಶುಕ್ರವಾರ ಯಾರೋ ಹೊರಡುತ್ತಾರೆ. ಎರಡು ವಾರದ ರಜೆಗೆಂದು ಬಂದ ಜರ್ಮನ್ ನಿವೃತ್ತರೂ ವರ್ಷವಿಡೀ ಕಲಿಯಲು ಬಂದವರೂ ಒಂದೇ ಬೆಂಚಿನಲ್ಲಿ. ಹೀಗಾಗಿ ಪ್ರತಿ ಸೋಮವಾರ "ನಿನ್ನ ಹೆಸರೇನು, ಯಾವ ದೇಶ" ಎಂಬಲ್ಲಿಗೇ ಪಾಠ ಹಿಂದಿರುಗುತ್ತದೆ. ಸ್ಥಳೀಯ ಹಬ್ಬದ ರಜೆ ಬಂದರೆ ಆ ದಿನದ ತರಗತಿ ಹೋದಂತೆಯೇ, ಬದಲಿ ಪಾಠವೂ ಇಲ್ಲ, ಹಣವೂ ವಾಪಸಿಲ್ಲ. ಪರೀಕ್ಷಾ ತಯಾರಿ ಎಂದು ಜಾಹೀರಾತಿನಲ್ಲಿ ಇದ್ದದ್ದು ಕೊನೆಗೆ ಒಂದು ಕಟ್ಟು ಫೋಟೋಕಾಪಿಯಾಗಿ ಕೈಗೆ ಬಂತು. ಮೂರು ನಕ್ಷತ್ರ ಉಳಿದಿರುವುದು ಸಂಪೂರ್ಣವಾಗಿ ಶಿಕ್ಷಕಿಯರ ಪುಣ್ಯ. ಅವರಲ್ಲೊಬ್ಬರು ಪುಸ್ತಕ ಮುಚ್ಚಿಸಿ, ಶಾಲೆಗೆ ಬರುವ ದಾರಿಯಲ್ಲಿ ಕಂಡದ್ದನ್ನು ಭೂತಕಾಲದಲ್ಲಿ ಹೇಳಿಸುತ್ತಿದ್ದರು. ಮುಗಿದ ಕ್ರಿಯೆಗೆ ಒಂದು ರೂಪ, ನಡೆಯುತ್ತಲಿದ್ದುದಕ್ಕೆ ಇನ್ನೊಂದು. "ಬಂದೆ", "ಬರುತ್ತಿದ್ದೆ" ಎಂಬ ಭೇದ ನಮ್ಮಲ್ಲೂ ಇರುವುದರಿಂದ ನನಗೆ ಬೇಗ ಹತ್ತಿತು.

ಕನ್ನಡದವರಿಗೆ ಇನ್ನೂ ಕೆಲವು ಅನುಕೂಲಗಳಿವೆ. ಸ್ಪ್ಯಾನಿಷ್‌ನ ತ, ದ ನಮ್ಮ ತ, ದಗಳೇ. ಇಂಗ್ಲಿಷರು ಅವುಗಳೊಡನೆ ಹೆಣಗುತ್ತಾರೆ. ಕ್ರಿಯಾಪದದಲ್ಲೇ ಕರ್ತೃ ಗೊತ್ತಾಗುವುದರಿಂದ "ನಾನು" ಬಿಟ್ಟು ಮಾತಾಡುವುದು ನಮಗೆ ಹುಟ್ಟುಗುಣ. "ನನಗೆ ಇಷ್ಟ", "ನನಗೆ ತಲೆ ನೋಯುತ್ತಿದೆ" ಎಂಬಂಥ ವಾಕ್ಯಗಳು ಅಲ್ಲಿಯೂ ಚತುರ್ಥಿಯಲ್ಲೇ ಆರಂಭವಾಗುತ್ತವೆ. ಕಷ್ಟವಿರುವುದು ಲಿಂಗದಲ್ಲಿ. ಮೇಜು ಹೆಣ್ಣು, ಪುಸ್ತಕ ಗಂಡು. ನಿರ್ಜೀವ ವಸ್ತುಗಳನ್ನೆಲ್ಲ ನಪುಂಸಕಕ್ಕೆ ಸೇರಿಸಿ ನಿಶ್ಚಿಂತೆಯಿಂದ ಇದ್ದ ನಾವು ಒಂದೊಂದನ್ನೂ ಉರುಹೊಡೆಯಬೇಕು. ಸಂದೇಹ, ಆಸೆ, ಭಯಗಳಿಗೆ ಬಳಸುವ ಸಬ್‌ಹುಂತಿವೊ ರೂಪದ ಕಥೆ ಬೇಡವೇ ಬೇಡ, ನನಗೆ ಅದು ಇನ್ನೂ ಪೂರ್ತಿ ವಶವಾಗಿಲ್ಲ.

ಈಗ ಉಚ್ಚಾರಣೆ. ಕಾದಿಸ್‌ನವರು ಪದದ ಕೊನೆಯ ಸಕಾರವನ್ನು ನುಂಗಿಬಿಡುತ್ತಾರೆ, ನಡುವಿನ ಸಕಾರ, ದಕಾರಗಳನ್ನೂ ಸವೆಸುತ್ತಾರೆ. ಹೆಚ್ಚುಕಡಿಮೆ ಎಂಬರ್ಥದ "ಮಾಸ್ ಒ ಮೆನೊಸ್" ಎಂಬುದು "ಮಾ ಒ ಮೆನೊ" ಆಗುತ್ತದೆ, "ಪೆಸ್ಕಾದೊ" ಎಂಬ ಮೀನು "ಪೆಹ್ಕಾವೊ" ಆಗುತ್ತದೆ. ತಮ್ಮ ಊರನ್ನೇ "ಕಾಯ್" ಎಂದು ಮೊಟಕುಗೊಳಿಸಿದ್ದಾರೆ! ತರಗತಿಯಲ್ಲಿ ಬಾಯಿಪಾಠ ಮಾಡಿಸಿದ "ವೊಸೊತ್ರೊಸ್", ಅಂದರೆ ಸಲುಗೆಯ "ನೀವೆಲ್ಲ", ಬೀದಿಯಲ್ಲಿ ಕೇಳಿಬರುವುದು ಕಡಿಮೆ; ಸ್ನೇಹಿತರ ಗುಂಪನ್ನೂ ಗೌರವದ "ಉಸ್ತೆದೆಸ್" ಎಂದೇ ಕರೆಯುತ್ತಾರೆ. ಮೊದಲ ಕೆಲವು ವಾರ ಬೇಕರಿಯಲ್ಲಿ ಬೆಲೆ ಕೇಳಿ ಬೆಪ್ಪಾಗಿ ನಿಲ್ಲುವುದು ಅನಿವಾರ್ಯ. ಆದರೆ ಇದನ್ನು ನಾನು ದೋಷದ ಪಟ್ಟಿಗೆ ಸೇರಿಸುವುದಿಲ್ಲ. 1717ರಲ್ಲಿ ಅಮೆರಿಕದೊಡನೆಯ ವ್ಯಾಪಾರವನ್ನು ನಿಯಂತ್ರಿಸುವ ಸಂಸ್ಥೆ ಸೆವಿಲ್ಲಾದಿಂದ ಇಲ್ಲಿಗೆ ಸ್ಥಳಾಂತರವಾಯಿತು. ಹಡಗುಗಳು ಹೊರಡುತ್ತಿದ್ದ ಆಂಡಲೂಸಿಯಾದ ನುಡಿಯೇ ಕ್ಯಾರಿಬಿಯನ್ನಿಗೂ ದಾಟಿತ್ತು. ಕಾದಿಸ್‌ಗೆ ಒಮ್ಮೆ ಕಿವಿ ಪಳಗಿತೆಂದರೆ ಕ್ಯೂಬಾದವರ ಮಾತು ಅರ್ಧ ಅರ್ಥವಾದಂತೆಯೇ.

ನಿಜವಾದ ಪಾಠಶಾಲೆ ಕೇಂದ್ರ ಮಾರುಕಟ್ಟೆ. ಅಲ್ಲಿ ಸಾಲು ಎಂಬುದೇ ಕಾಣುವುದಿಲ್ಲ. ಅಂಗಡಿಯ ಮುಂದೆ ಹತ್ತಾರು ಜನ ಅಲ್ಲಲ್ಲಿ ಚದುರಿ ನಿಂತು ಹರಟುತ್ತಿರುತ್ತಾರೆ. ಬಂದವರು "ಕೊನೆಯವರು ಯಾರು?" ಎಂದು ಗಟ್ಟಿಯಾಗಿ ಕೇಳಬೇಕು. ಯಾರೋ ಅಜ್ಜಿ ಕೈ ಎತ್ತುತ್ತಾರೆ. ಅಲ್ಲಿಗೆ ಆಕೆಯ ನಂತರದ ಸರದಿ ನಿಮ್ಮದು; ಮುಂದೆ ಬಂದವರು ಕೇಳಿದಾಗ ನೀವು ಕೈ ಎತ್ತಬೇಕು. ಒಂದೇ ಪ್ರಶ್ನೆ ಕೇಳಿದ ತಪ್ಪಿಗೆ ಅಜ್ಜಿಯರು ಪಾಲಕ್ ಮತ್ತು ಕಡಲೆಕಾಳನ್ನು ಜೀರಿಗೆ ಹಾಕಿ ಬೇಯಿಸುವ ವಿಧಾನವನ್ನು ಪೂರ್ತಿ ಹೇಳಿಯೇ ಬಿಡುತ್ತಿದ್ದರು. ಎದುರಿನಿಂದ ಮೀನುಗಾರನೊಬ್ಬ ಅದಕ್ಕೆ ತಿದ್ದುಪಡಿ ಕೂಗುತ್ತಿದ್ದ. ಇಷ್ಟು ಗಂಟೆಯ ಸಂಭಾಷಣಾ ಪಾಠಕ್ಕೆ ಯಾವ ಶಾಲೆಯೂ ಇಂಥ ಶಿಕ್ಷಕರನ್ನು ಒದಗಿಸಲಾರದು.

ಸಸ್ಯಾಹಾರಿಗಳಿಗೆ ಒಂದು ಮಾತು. ಮಾಂಸ ಬೇಡ ಎಂದರೆ ತಟ್ಟೆಯ ಮೇಲೆ ಟ್ಯೂನಾ ಬರುತ್ತದೆ. ಸಾಲ್ಮೊರೆಹೊ ಎಂಬ ಟೊಮೆಟೊದ ತಣ್ಣನೆಯ ಸೂಪಿನ ಮೇಲೂ ಹಂದಿಮಾಂಸದ ಚೂರು ಉದುರಿಸುತ್ತಾರೆ. ಏನೇನು ಬೇಡ ಎಂಬುದನ್ನು ಒಂದೊಂದಾಗಿ ಎಣಿಸಿ ಹೇಳಬೇಕು.

ನಾನು ಇದ್ದದ್ದು ಹಳೆಯ ಊರಿನಲ್ಲಿ, ಒಬ್ಬ ವಿಧವೆಯ ಮನೆಯ ಕೋಣೆಯಲ್ಲಿ. ಇಲ್ಲಿನ ಹಳೆಯ ಗೋಡೆಗಳ ಕಲ್ಲನ್ನು ಹತ್ತಿರದಿಂದ ನೋಡಿ: ಸಮುದ್ರದ ಚಿಪ್ಪುಗಳು ಅದರೊಳಗೆ ಹಾಗೇ ಕಾಣುತ್ತವೆ. ನೋಡಲು ಚಂದ, ಚಳಿಗಾಲದಲ್ಲಿ ಬಾಳಲು ಸಂಕಟ. ಮನೆಯೊಳಗೆ ತೇವ, ಬಟ್ಟೆ ಒಣಗುವುದಿಲ್ಲ. ದುಂಡು ಮೇಜಿನ ಮೇಲಿಂದ ನೆಲದವರೆಗೆ ದಪ್ಪ ಬಟ್ಟೆ ಇಳಿಬಿಟ್ಟು, ಕೆಳಗೆ ಹೀಟರ್ ಇಟ್ಟು, ಎಲ್ಲರೂ ಕಾಲನ್ನು ಅದರೊಳಗೆ ತೂರಿಸಿ ಕೂರುತ್ತಾರೆ. ನನ್ನ ಮನೆಪಾಠವೆಲ್ಲ ಅಲ್ಲೇ ಮುಗಿದದ್ದು. ಇನ್ನು ಲೆವಾಂತೆ ಎಂಬ ಪೂರ್ವದ ಗಾಳಿ ಎದ್ದರೆ ದಿನಗಟ್ಟಲೆ ಬೀಸುತ್ತದೆ, ಕಿಟಕಿಗಳು ಬಡಿದುಕೊಳ್ಳುತ್ತವೆ, ಊರಿಗೆ ಊರೇ ಸಿಡುಕುತ್ತದೆ.

ಚರಿತ್ರೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪ್ರಾಚೀನ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರು ಕಟ್ಟಿದ ಊರು. ಕೊಲಂಬಸ್ 1493ರ ಎರಡನೆಯ ಯಾನಕ್ಕೆ ಹೊರಟದ್ದು ಇಲ್ಲಿಂದ. ನೆಪೋಲಿಯನ್ನನ ಸೇನೆಯ ಮುತ್ತಿಗೆಯ ನಡುವೆಯೇ 1812ರ ಮಾರ್ಚ್ 19ರಂದು ಸ್ಪೇನಿನ ಸಂವಿಧಾನ ಘೋಷಣೆಯಾದದ್ದೂ ಇಲ್ಲಿಯೇ. ಅದು ಸಂತ ಜೋಸೆಫನ ದಿನ. ಜೋಸೆಫ್ ಸ್ಪ್ಯಾನಿಷ್‌ನಲ್ಲಿ ಹೊಸೆ; ಆ ಹೆಸರಿನವರನ್ನು ಪೆಪೆ ಎಂದು ಕರೆಯುವ ರೂಢಿಯಂತೆ ಆ ಸಂವಿಧಾನಕ್ಕೆ ಅದರ ಸ್ತ್ರೀರೂಪವಾದ ಲಾ ಪೆಪಾ ಎಂಬ ಅಡ್ಡಹೆಸರು. 2015ರಲ್ಲಿ ತೆರೆದ ಕೊಲ್ಲಿಯ ಸೇತುವೆಗೂ ಅದೇ ಹೆಸರು. ವ್ಯಾಪಾರಿಗಳು ಹಡಗು ಬರುವುದನ್ನು ನೋಡಲು ಕಟ್ಟಿಸಿದ ಗೋಪುರಗಳು ಇಂದಿಗೂ ನೂರಕ್ಕೂ ಹೆಚ್ಚಿವೆ. ತಾವಿರಾ ಗೋಪುರ ಹತ್ತಿದರೆ ಅವೆಲ್ಲ ಒಟ್ಟಿಗೆ ಕಾಣುತ್ತವೆ.

ಫೆಬ್ರವರಿಯ ಸುಮಾರಿಗೆ ಬರುವ ಕಾರ್ನಿವಲ್ ಕಲಿಕೆಯ ಮಟ್ಟ ಅಳೆಯಲು ಸರಿಯಾದ ಒರೆಗಲ್ಲು. ಚಿರಿಗೋತಾ ಎಂಬ ತಂಡಗಳು ವೇಷ ಹಾಕಿ ಮಂತ್ರಿಗಳನ್ನೂ ಮೇಯರನ್ನೂ ಹಾಡಿನಲ್ಲೇ ಝಾಡಿಸುತ್ತವೆ. ಫಾಯಾ ರಂಗಮಂದಿರದಲ್ಲಿ ಇಂಥ ತಂಡಗಳಿಗೆ ನಡೆಯುವ ಸ್ಪರ್ಧೆಗಿಂತ ನನಗೆ ಹಿಡಿಸಿದ್ದು ಬೀದಿ ಮೂಲೆಯಲ್ಲಿ ಹಾಡುವ, ಸ್ಪರ್ಧೆಯ ಗೊಡವೆಗೆ ಹೋಗದ ತಂಡಗಳು. ಜನ ನಗುವಾಗ ನಾನೂ ನಕ್ಕದ್ದು ಕೆಲವು ಸಾಲುಗಳಿಗೆ ಮಾತ್ರ. ಆದರೂ ಆ ಕೆಲವು ಸಾಲುಗಳು ತರಗತಿಯ ಯಾವ ಅಂಕಕ್ಕಿಂತಲೂ ಹೆಚ್ಚು ಖುಷಿ ಕೊಟ್ಟವು.

ಹೋಗುವವರಿಗೆ ವ್ಯಾವಹಾರಿಕ ವಿಷಯಗಳು. 90 ದಿನದೊಳಗಿನ ಕೋರ್ಸಿಗೆ ಯುರೋಪಿನ ಅಲ್ಪಾವಧಿಯ ಷೆಂಗೆನ್ ವೀಸಾ ಸಾಕು, ಅದಕ್ಕಿಂತ ಹೆಚ್ಚಾದರೆ ವಿದ್ಯಾರ್ಥಿ ವೀಸಾ ಬೇಕು. ಆರು ತಿಂಗಳು ಮೀರಿದರೆ ಅಲ್ಲಿಗೆ ಹೋದ ಮೇಲೆ ವಿದೇಶಿಯರ ಗುರುತಿನ ಚೀಟಿ ಮಾಡಿಸಬೇಕು, ಅದರ ಸಮಯ ಕಾಯ್ದಿರಿಸುವುದೇ ಒಂದು ತಪಸ್ಸು. ಶಾಲೆ ಕೊಡುವ ಪ್ರಮಾಣಪತ್ರವನ್ನು ನೆಚ್ಚಿಕೊಳ್ಳಬೇಡಿ. ಕೆಲಸಕ್ಕೆ ಬೇಕಿದ್ದರೆ ಸ್ಪ್ಯಾನಿಷ್ ಮಟ್ಟ ಅಳೆಯುವ ಡೆಲೆ ಪರೀಕ್ಷೆ ಬರೆಯಿರಿ, ಅದಕ್ಕೆ ಅವಧಿ ಮುಗಿಯುವ ಭಯವಿಲ್ಲ, ಸಿಯೆಲೆ ಎಂಬ ಇನ್ನೊಂದು ಪರೀಕ್ಷೆಯದಾದರೆ ಐದು ವರ್ಷ ಮಾತ್ರ. ಬೇಸಿಗೆಯಲ್ಲಿ ಪ್ರವಾಸಿಗರಿಗೆ ಹೆಚ್ಚು ಬಾಡಿಗೆಗೆ ಕೊಡಬಹುದೆಂದು ಅನೇಕ ಮಾಲೀಕರು ಜೂನ್ ಮುಗಿದೊಡನೆ ವಿದ್ಯಾರ್ಥಿಗಳನ್ನು ಖಾಲಿ ಮಾಡಿಸುತ್ತಾರೆ, ಕರಾರಿನಲ್ಲಿ ಇದನ್ನು ಮೊದಲೇ ನೋಡಿಕೊಳ್ಳಿ. ಮತ್ತು ಇಡೀ ವರ್ಷದ ಶುಲ್ಕ ಕಟ್ಟುವ ಮೊದಲು, ನಿಮ್ಮ ಮಟ್ಟದ ತರಗತಿಯಲ್ಲಿ ದೀರ್ಘಾವಧಿಯ ವಿದ್ಯಾರ್ಥಿಗಳು ಎಷ್ಟು ಮಂದಿ ಇದ್ದಾರೆ ಎಂದು ಶಾಲೆಯನ್ನು ಲಿಖಿತವಾಗಿ ಕೇಳಿ.