ಪ್ರೀಮಿಯರ್ ಪದ್ಮಿನಿಯ ಬಿಡಿಭಾಗಗಳಿಗೆ ಜೆ.ಸಿ. ರಸ್ತೆಯನ್ನು ಎಷ್ಟು ನಂಬಬಹುದು?

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜೆ.ಸಿ. ರಸ್ತೆಯನ್ನೂ ಅದರ ಬೆನ್ನಿಗಿರುವ ಕಲಾಸಿಪಾಳ್ಯದ ಗಲ್ಲಿಗಳನ್ನೂ ಒಂದೇ ಅಂಗಡಿಯೆಂದು ಭಾವಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹಳೆಯ ಕಾರು ಇಟ್ಟುಕೊಂಡವರು ಅಲ್ಲಿ ವ್ಯವಹರಿಸುವ ರೀತಿಯೇ ಅಂಥದ್ದು: ಒಂದು ಗಲ್ಲಾದ ಮುಂದೆ ನಿಂತು ಕೇಳಿದ ವಸ್ತು ಮತ್ತೊಂದು ಅಂಗಡಿಯಿಂದ ಹುಡುಗನ ಕೈಯಲ್ಲಿ ಬರುತ್ತದೆ, ಅದನ್ನು ಅಳತೆಗೆ ತಂದುಕೊಡುವ ಲೇತಿನವರು ಹಿಂದಿನ ಗಲ್ಲಿಯಲ್ಲಿರುತ್ತಾರೆ. ನನ್ನಲ್ಲಿರುವುದು ಎಂಬತ್ತರ ದಶಕದ ಪ್ರೀಮಿಯರ್ ಪದ್ಮಿನಿ. ಪ್ರದರ್ಶನಕ್ಕೆಂದು ಇಟ್ಟದ್ದಲ್ಲ, ಇಂದಿಗೂ ರಸ್ತೆಯಲ್ಲಿ ಓಡುವ ಕಾರು. ಆದ್ದರಿಂದ ನನ್ನ ಅಭಿಪ್ರಾಯವೂ ಓಡಿಸುವವರ ದೃಷ್ಟಿಯದು. ಸವೆಯುವ ಲೋಹದ ಭಾಗಗಳಿಗೆ, ಅದಕ್ಕಿಂತ ಮುಖ್ಯವಾಗಿ ಹಳೆಯ ಭಾಗವನ್ನೇ ಮತ್ತೆ ಕೆಲಸಕ್ಕೆ ಬರುವಂತೆ ಮಾಡಿಸಿಕೊಳ್ಳುವುದಕ್ಕೆ, ಈ ರಸ್ತೆಗೆ ಸಮನಾದ ಜಾಗ ನಗರದಲ್ಲಿ ಬೇರೊಂದಿಲ್ಲ. ರಬ್ಬರಿನ ಭಾಗಗಳನ್ನು ಇಲ್ಲಿ ಅನುಮಾನದಿಂದಲೇ ಕೊಳ್ಳಬೇಕು. ಕಾರಿನ ಅಂದಕ್ಕೆ ಸಂಬಂಧಿಸಿದ ವಸ್ತುಗಳನ್ನು ಹುಡುಕಿಕೊಂಡು ಇಲ್ಲಿಗೆ ಬರುವುದು ಹೆಚ್ಚಿನ ಮಟ್ಟಿಗೆ ವ್ಯರ್ಥ.

ಪದ್ಮಿನಿಗೆ ಇಂದಿಗೂ ಬಿಡಿಭಾಗ ಸಿಗುವುದಕ್ಕೆ ಕಾರಣ ಅದರ ಚರಿತ್ರೆಯಲ್ಲಿದೆ. ಇಟಲಿಯ ಫಿಯೆಟ್ 1100 ಡಿ ಮಾದರಿಯನ್ನು ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆ ಮುಂಬಯಿಯ ಕುರ್ಲಾದಲ್ಲಿ ಅರವತ್ತರ ದಶಕದಿಂದ ತಯಾರಿಸುತ್ತಿತ್ತು. 1974ರಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು, 2000ದ ಹೊತ್ತಿಗೆ ತಯಾರಿಕೆ ನಿಂತಿತು. ಇಷ್ಟು ಕಾಲವೂ ಅದರ 1089 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಮೂಲ ವಿನ್ಯಾಸ ಹೆಚ್ಚೇನೂ ಬದಲಾಗದೆ ಉಳಿದುದರಿಂದ ಒಂದು ದಶಕದ ಕಾರಿನ ಭಾಗ ಇನ್ನೊಂದು ದಶಕದ ಕಾರಿಗೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ಜೊತೆಗೆ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಬಹುಪಾಲು ಒಂದು ಕಾಲಕ್ಕೆ ಇದೇ ಕಾರಾಗಿದ್ದವು. ಟ್ಯಾಕ್ಸಿ ದಿನವಿಡೀ ಓಡುತ್ತದೆ, ಬೇಗ ಸವೆಯುತ್ತದೆ; ಆ ಬೇಡಿಕೆಯನ್ನು ನೆಚ್ಚಿಕೊಂಡು ಸಣ್ಣ ತಯಾರಕರು ಕಾರ್ಖಾನೆ ಮುಚ್ಚಿದ ಮೇಲೂ ಬ್ರೇಕ್ ಶೂ, ಕ್ಲಚ್ ಪ್ಲೇಟ್, ವಾಟರ್ ಪಂಪ್‌ಗಳನ್ನು ಮಾಡುತ್ತಲೇ ಇದ್ದರು. ಅಲ್ಲಿನ ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷಗಳ ಮಿತಿ ಇರುವುದರಿಂದ 2003ರಲ್ಲಿ ನೋಂದಣಿಯಾಗಿದ್ದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿಯಿತು. ಇನ್ನು ಮುಂದೆ ಈ ಭಾಗಗಳಿಗೆ ಗಿರಾಕಿಗಳು ನಮ್ಮಂಥ ಖಾಸಗಿ ಮಾಲೀಕರು ಮಾತ್ರ. ಅಂಗಡಿಯವರು ಇದನ್ನು ನಮಗಿಂತ ಮೊದಲೇ ಲೆಕ್ಕ ಹಾಕಿಕೊಂಡಿದ್ದಾರೆ. ಹೊಸ ಸರಕು ತರಿಸುವ ಉತ್ಸಾಹ ಅವರಲ್ಲಿ ಕಾಣುವುದಿಲ್ಲ.

ಅಂಗಡಿಗೆ ಹೋದೊಡನೆ ಕೇಳಿಬರುವ ಮೊದಲ ಮಾತು "ಸ್ಯಾಂಪಲ್ ತಂದಿದ್ದೀರಾ ಸಾರ್?" ಎಂಬುದು. ಇದನ್ನು ಉದಾಸೀನವೆಂದು ತಿಳಿಯಬಾರದು. ಕಾರಿನ ಇಸವಿ ಹೇಳಿದರೆ ಸಾಲದು, ಏಕೆಂದರೆ ನಲವತ್ತು ವರ್ಷಗಳಲ್ಲಿ ಯಾವ ಗರಾಜಿನವರು ಯಾವ ಭಾಗವನ್ನು ಬದಲಾಯಿಸಿದ್ದಾರೆಂಬುದು ಮಾಲೀಕರಿಗೇ ತಿಳಿದಿರುವುದಿಲ್ಲ. ವಿದ್ಯುತ್ತಿಗೆ ಡೈನಮೋ ಇದ್ದ ಕಾರಿಗೆ ಅದರ ಬದಲು ಆಲ್ಟರ್ನೇಟರ್ ಬಂದಿರುತ್ತದೆ, ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ತೆಗೆದು ನೆಲದ ಗೇರ್ ಹಾಕಿಸಿರುತ್ತಾರೆ. ಬಿಚ್ಚಿದ ಭಾಗವನ್ನು ಒರೆಸಿ ಚೀಲದಲ್ಲಿ ಹಾಕಿಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ಗಲ್ಲಾದ ಹಿಂದಿರುವ ಹಿರಿಯರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಪಟ್ಟಿಯನ್ನಾಗಲಿ ಕಂಪ್ಯೂಟರನ್ನಾಗಲಿ ನೋಡದೆ, ಅಟ್ಟದ ಯಾವ ಮೂಲೆಯಲ್ಲಿದೆ ಎಂದು ಹುಡುಗನಿಗೆ ಹೇಳುತ್ತಾರೆ. ಈ ರಸ್ತೆಯ ದೊಡ್ಡ ದಾಸ್ತಾನು ಈ ಹಿರಿಯರ ನೆನಪು. ಅವರ ಮಕ್ಕಳು ಗಲ್ಲಾದಲ್ಲಿ ಕುಳಿತಿರುವ ಹೊತ್ತಿನಲ್ಲಿ ಹೋದರೆ ಅದೇ ಅಂಗಡಿಯಲ್ಲಿ "ಫಿಯೆಟ್‌ದು ಬರಲ್ಲ ಸಾರ್" ಎಂಬ ಉತ್ತರ ಸಿಗುತ್ತದೆ.

ಎಂಜಿನ್ನಿಗೆ ಕಿಡಿ ಒದಗಿಸುವ ಇಗ್ನಿಷನ್ ಭಾಗಗಳ ವಿಷಯದಲ್ಲಿ ನನಗೆ ಹೆಚ್ಚಿನ ದೂರಿಲ್ಲ. ಸಿ.ಬಿ. ಪಾಯಿಂಟ್ (ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೂಡಿಸುವ ಪುಟ್ಟ ಸ್ವಿಚ್ಚು), ರೋಟರ್, ಡಿಸ್ಟ್ರಿಬ್ಯೂಟರ್ ಮುಚ್ಚಳ ಇವೆಲ್ಲ ಸಿಗುತ್ತವೆ. ಸ್ಪಾರ್ಕ್ ಪ್ಲಗ್‌ಗಳಂತೂ ಈ ಊರಿನದೇ ಸರಕು: ಆಡುಗೋಡಿಯ ಮೈಕೋ ಕಾರ್ಖಾನೆಯ ಹೆಸರು ಹೊತ್ತ ಹಳೆಯ ಡಬ್ಬಿಗಳು, ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡು ಇಷ್ಟು ಕಾಲವಾದರೂ, ಒಮ್ಮೊಮ್ಮೆ ಅಟ್ಟದಿಂದ ಇಳಿಯುತ್ತವೆ. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಮಾತ್ರ ಹಳೆಯ ದಾಸ್ತಾನಿನದು ಬೇಡ. ಬಳಸದೆ ಇಟ್ಟರೂ ಅದು ಒಳಗೇ ಕೆಡುತ್ತದೆ, ಕೆಟ್ಟ ಕಂಡೆನ್ಸರ್ ಹೊಸ ಪಾಯಿಂಟನ್ನು ಬೇಗನೆ ಸುಟ್ಟುಹಾಕುತ್ತದೆ, ಮಾಲೀಕರು ಪಾಯಿಂಟನ್ನು ಬಯ್ಯುತ್ತ ಮತ್ತೊಂದನ್ನು ಕೊಳ್ಳುತ್ತಾರೆ.

ರಬ್ಬರಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಲೋಹದ ಭಾಗಕ್ಕೆ "ಓಲ್ಡ್ ಸ್ಟಾಕ್" ಎಂಬುದು ಹೊಗಳಿಕೆಯಾದರೆ ರಬ್ಬರಿಗೆ ಅದೇ ಮಾತು ದೋಷ, ಏಕೆಂದರೆ ಪೊಟ್ಟಣ ಒಡೆಯದಿದ್ದರೂ ರಬ್ಬರ್ ಗಡುಸಾಗುತ್ತಲೇ ಇರುತ್ತದೆ. ಈ ಕಾರಿನ ನಾಲ್ಕೂ ಚಕ್ರಗಳಿಗೆ ಇರುವುದು ಡ್ರಮ್ ಬ್ರೇಕ್. ಬ್ರೇಕ್ ಶೂಗಳನ್ನು ತಳ್ಳುವ ಪ್ರತಿ ವೀಲ್ ಸಿಲಿಂಡರಿನ ಒಳಗೆ ಮೆಕ್ಯಾನಿಕ್‌ಗಳು ಬಕೆಟ್ ಎಂದು ಕರೆಯುವ ರಬ್ಬರ್ ಬಟ್ಟಲುಗಳಿವೆ, ಅವು ಸೋರಿದರೆ ಬ್ರೇಕ್ ಇಲ್ಲ. ಹೆಸರಾಂತ ಕಂಪನಿಯ ಪೊಟ್ಟಣವನ್ನೇ ಹೋಲುವ ಪೊಟ್ಟಣದಲ್ಲಿ ಬಂದ ಬಕೆಟ್‌ಗಳು ಒಂದು ಮಳೆಗಾಲ ಕಳೆಯುವುದರೊಳಗೆ ಉಬ್ಬಿ ಕೆಲಸಕ್ಕೆ ಬಾರದೆ ಹೋದ ಅನುಭವ ನನಗಿದೆ. ಮಾರಿದ ಅಂಗಡಿಯವರು, ಅವರ ಹೆಸರು ಇಲ್ಲಿ ಬೇಡ, ಬಿಲ್ಲಿಲ್ಲದ ಸರಕನ್ನು ಹಿಂದೆ ಪಡೆಯುವುದಿಲ್ಲವೆಂದರು. ಬ್ರೇಕಿಗೆ ಸಂಬಂಧಿಸಿದ ಯಾವುದನ್ನೂ ಬಿಲ್ಲಿಲ್ಲದೆ ಕೊಳ್ಳಬಾರದೆಂಬುದು ಅಂದಿನಿಂದ ನನ್ನ ನಿಯಮ. ಇಂಧನದ ಬದಿಯ ರಬ್ಬರಿಗೆ ಈಗ ಎಥೆನಾಲ್‌ನ ಕಾಟವೂ ಸೇರಿದೆ. ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆತಿದ್ದು, ಅದು ಹಳೆಯ ಬಗೆಯ ರಬ್ಬರ್ ಕೊಳವೆಗಳನ್ನೂ ಕಾರಿನ ಪೆಟ್ರೋಲ್ ಪಂಪಿನೊಳಗಿನ ಡಯಾಫ್ರಮ್ ಎಂಬ ಪೊರೆಯನ್ನೂ ಮೆತ್ತಗಾಗಿಸುತ್ತದೆ. ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವೂ ಅದಕ್ಕಿರುವುದರಿಂದ, ಹೆಚ್ಚು ದಿನ ನಿಲ್ಲಿಸಿದ ಕಾರಿನ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಕೊಳವೆಗಳನ್ನು ಎಥೆನಾಲ್ ತಾಳುವ ವೈಟಾನ್ ರಬ್ಬರಿನದೇ ಬೇಕೆಂದು ಕೇಳಿ ಪಡೆಯಬೇಕು. ಕೇಳದಿದ್ದರೆ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಸಾಮಾನ್ಯ ಕೊಳವೆಯೇ ಗತಿ.

ನಾನು ಮನಸಾರೆ ಶಿಫಾರಸು ಮಾಡುವುದು ಹಿಂದಿನ ಗಲ್ಲಿಗಳ ಕೆಲಸಗಾರರನ್ನು. ಒಳಗೋಡೆಯಲ್ಲಿ ತುಕ್ಕಿನ ಕುಳಿ ಬಿದ್ದ ವೀಲ್ ಸಿಲಿಂಡರಿನ ಬದಲು ನಿಕೃಷ್ಟವಾದ ಹೊಸ ಎರಕವನ್ನು ಕೊಳ್ಳುವುದಕ್ಕಿಂತ, ಹಳೆಯದನ್ನೇ ಕೊರೆಸಿ ಒಳಗೆ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಲೀವ್ (ಒಳಗೊಳವೆ) ಕೂಡಿಸಿದರೆ ಅದು ಹೆಚ್ಚು ಕಾಲ ಬಾಳುತ್ತದೆ, ಮೂಲ ಎರಕದ ಗಟ್ಟಿತನವೂ ಉಳಿಯುತ್ತದೆ. ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ಬಿಚ್ಚಿ, ಕಟ್ಟಿಕೊಂಡ ನಾಳಗಳಲ್ಲಿ ಸರಳು ಹಾಯಿಸಿ, ಬೆಸುಗೆ ಹಾಕಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಊದಿ ತೋರಿಸಿಯೇ ಕೊಡುವವರು ಕಲಾಸಿಪಾಳ್ಯದಲ್ಲಿ ಇನ್ನೂ ಇದ್ದಾರೆ. ರೇಡಿಯೇಟರ್ ಈ ಕಾರಿಗೆ ಜೀವಾಳ: ಎಂಜಿನ್ನಿನ ಒಡಲಾದ ಬ್ಲಾಕ್ ಎರಕದ ಕಬ್ಬಿಣದ್ದು, ಅದರ ಮೇಲಿನ ಮುಚ್ಚಳವಾದ ಹೆಡ್ ಅಲ್ಯೂಮಿನಿಯಮಿನದು, ಎಂಜಿನ್ ಒಮ್ಮೆ ಅತಿಯಾಗಿ ಕಾದರೆ ಹೆಡ್ ಬಾಗುತ್ತದೆ, ಎರಡರ ನಡುವಿನ ಗ್ಯಾಸ್ಕೆಟ್ ಹಾರುತ್ತದೆ. ಬಾಗಿದ ಹೆಡ್ಡನ್ನು ಫೇಸಿಂಗ್ ಮಾಡಿಸುವಾಗ, ಎಂದರೆ ಸಮತಟ್ಟಾಗಿ ಉಜ್ಜಿಸುವಾಗ, ಎಷ್ಟು ತೆಗೆದರೆಂದು ಕೇಳಿ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಪದೇ ಪದೇ ಉಜ್ಜಿಸಲು ಅಲ್ಲಿ ದಪ್ಪ ಉಳಿದಿರುವುದಿಲ್ಲ.

ಬೋರಿಂಗ್, ಎಂದರೆ ಎಂಜಿನ್ನಿನ ಸಿಲಿಂಡರ್ ಕೊರೆಯುವ ಕೆಲಸ, ಮಾಡಿಸುವವರಿಗೆ ಒಂದು ಮಾತು. ಈ ಎಂಜಿನ್ನಿನ ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 68 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75 ಮಿ.ಮೀ. ಸವೆದ ಸಿಲಿಂಡರನ್ನು ಒಂದು ಹಂತ ದೊಡ್ಡದಾಗಿ ಕೊರೆಯುವ ಮೊದಲು ಆ ಅಳತೆಯ ಪಿಸ್ಟನ್ ಸೆಟ್ ಕೈಗೆ ಬಂದಿರಬೇಕು. ಕೊರೆಸಿಟ್ಟುಕೊಂಡು ಪಿಸ್ಟನ್ನಿಗಾಗಿ ಊರೂರು ಅಲೆಯುವವರನ್ನು ಈ ರಸ್ತೆಯಲ್ಲಿ ಧಾರಾಳವಾಗಿ ಕಾಣಬಹುದು. ಒಳ್ಳೆಯ ಲೇತಿನವರು ಪಿಸ್ಟನ್ ತರದೆ ಬ್ಲಾಕನ್ನು ಮುಟ್ಟುವುದೇ ಇಲ್ಲ, ಪ್ರತಿ ಪಿಸ್ಟನ್ನನ್ನೂ ಮೈಕ್ರೋಮೀಟರಿನಿಂದ ಅಳೆದು ಅದು ಕೂರುವ ಸಿಲಿಂಡರಿಗೆ ಸಂಖ್ಯೆ ಹಾಕುತ್ತಾರೆ. ಎಂಜಿನ್ನಿನ ಕ್ರ್ಯಾಂಕ್ ದಂಡವನ್ನು ಉಜ್ಜಿಸುವುದಕ್ಕೂ ಅದರ ಬೇರಿಂಗ್‌ಗೂ ಇದೇ ಕ್ರಮ. ಕೂಲಿ ಹೆಚ್ಚೆನಿಸಿದರೂ ಚೌಕಾಸಿ ಮಾಡದೆ ಕೊಡುವ ಜಾಗ ಇದು. ಚೌಕಾಸಿಯನ್ನು ಮುಂಭಾಗದ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಮೀಸಲಿಡಬಹುದು. ಇಲ್ಲಿನ ಏಕೈಕ ಕೊರತೆ ಸಮಯದ್ದು. ನಾಳೆ ಎಂದರೆ ಮುಂದಿನ ವಾರವೆಂದೇ ತಿಳಿದು ಕಾರನ್ನು ಬಿಚ್ಚಬೇಕು.

ಬಂಪರ್, ಗ್ರಿಲ್, ಹಿಂದೀಪದ ಗಾಜು, ಬಾಗಿಲ ಹಿಡಿ, ಡ್ಯಾಶ್‌ಬೋರ್ಡಿನ ಸ್ವಿಚ್ಚುಗಳಿಗೆ ಜೆ.ಸಿ. ರಸ್ತೆ ನೆರವಾಗುವುದಿಲ್ಲ. ಅವಕ್ಕೆ ಶಿವಾಜಿನಗರದ ಗುಜರಿಯೇ ಸರಿ, ಅಲ್ಲಿ ಸಿಗದಿದ್ದರೆ ಚೆನ್ನೈನ ಪುದುಪೇಟೆ ಅಥವಾ ಮುಂಬಯಿಯ ಕುರ್ಲಾ. ಹೊಸದಾಗಿ ಮಾಡಿದ ಬಂಪರ್‌ಗಳ ತಗಡು ತೆಳು. ಹಳೆಯದು ಡೊಂಕಾಗಿದ್ದರೂ ಅದನ್ನೇ ನೇರ ಮಾಡಿಸಿ ಕ್ರೋಮ್ ಹಾಕಿಸುವುದು ಲೇಸು.

ವಾಹನ ನಿಲ್ಲಿಸಲು ಈ ರಸ್ತೆಯಲ್ಲಿ ಸ್ಥಳವಿಲ್ಲ. ಮೆಟ್ರೊದಲ್ಲಿ ಕೆ.ಆರ್. ಮಾರುಕಟ್ಟೆ ನಿಲ್ದಾಣಕ್ಕೆ ಬಂದು ನಡೆಯುವುದು ಉತ್ತಮ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.

ಭಾಗಗಳನ್ನು ಕೊಳ್ಳುವವರಿಗಿಂತ ಮಾರುವವರಿಗೆ ಈ ರಸ್ತೆ ಕಠಿಣ. ಬೇಡವಾದ ಕಾರ್ಬುರೇಟರನ್ನೋ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಭಾಗ) ಡೈನಮೋವನ್ನೋ ತಂದರೆ ಅಂಗಡಿಯವರು ಕೊಡುವ ಬೆಲೆ ಗುಜರಿಯ ತೂಕದ ಬೆಲೆಗಿಂತ ಸ್ವಲ್ಪವೇ ಮೇಲಿರುತ್ತದೆ, ಮರುದಿನ ಅದೇ ವಸ್ತುವನ್ನು ಅವರು ಮಾರುವ ಬೆಲೆ ಕೇಳಿದರೆ ಮನಸ್ಸಿಗೆ ಬೇಸರವಾಗುತ್ತದೆ. ಅವರ ಪಕ್ಷವನ್ನೂ ನೋಡಬೇಕು: ಆ ವಸ್ತು ಎಷ್ಟು ವರ್ಷ ಅಟ್ಟದಲ್ಲಿ ಕೂರುವುದೋ ಯಾರೂ ಹೇಳಲಾರರು. ಸೋಲೆಕ್ಸ್ ಕಾರ್ಬುರೇಟರಿನಂಥ ಭಾಗವನ್ನು ಇನ್ನೊಬ್ಬ ಪದ್ಮಿನಿ ಮಾಲೀಕರಿಗೆ ನೇರವಾಗಿ ಮಾರಿದರೆ ಇಬ್ಬರಿಗೂ ಲಾಭ. ಇಡೀ ಕಾರನ್ನೇ ಬಿಡಿ ಮಾಡಿ ಮಾರಲು ಹೊರಟವರು ಮೊದಲು ಸಾರಿಗೆ ಕಚೇರಿಯಲ್ಲಿ ನೋಂದಣಿಯನ್ನು ರದ್ದುಪಡಿಸಿಕೊಳ್ಳಬೇಕು. ಛಾಸಿ ಸಂಖ್ಯೆಯ ತುಂಡು ಮತ್ತು ಆರ್.ಸಿ. ಪುಸ್ತಕವನ್ನು ಗುಜರಿಯವರ ಕೈಗೆ ಕೊಟ್ಟುಬರುವುದು ಅಪಾಯಕಾರಿ, ಅವೆರಡೂ ಕಳವಿನ ಕಾರಿಗೆ ಹೊಸ ಹೆಸರು ಕೊಡಲು ಸಾಕು. ಎಪ್ಪತ್ತರ ದಶಕದ ಮೊದಲ ವರ್ಷಗಳ ಫಿಯೆಟ್ ಇರುವವರು ಬಿಡಿ ಮಾಡುವ ಮುನ್ನ ಇನ್ನೊಮ್ಮೆ ಯೋಚಿಸಬಹುದು: 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಕಾರು ವಿಂಟೇಜ್ ನೋಂದಣಿಗೆ ಅರ್ಹ, ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ.