ಮಿಶೆಲಿನ್ ಬಿಬ್ ಮೂಸ್: ಡಕಾರ್ ಬೈಕಿನ ಟೈರಿನೊಳಗೆ

ಡಕಾರ್ ರ‍್ಯಾಲಿ ಎಂಬ ಮರಳುಗಾಡಿನ ದೂರದ ಓಟ 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಅಲ್ಲಿನ ಚೂಪು ಕಲ್ಲಿಗೆ ಹೆದರಿ ಕಾರಿನವರು ಸ್ಪೇರ್ ಚಕ್ರ ಹೊತ್ತೊಯ್ಯುತ್ತಾರೆ. ಬೈಕಿನವರಿಗೆ ಆ ಅನುಕೂಲವಿಲ್ಲ; ಅವರಿಗೆ ಟ್ಯೂಬಿನ ಜಾಗದಲ್ಲಿ ಕೂರುವ ಬಿಬ್ ಮೂಸ್ ಎಂಬ ಈ ರಬ್ಬರ್ ನೊರೆಯ ದಪ್ಪ ಬಳೆಯೇ ಗತಿ. ಹೊಸದರಲ್ಲಿ ಸುಮಾರು 0.9 ಬಾರ್, ಅಂದರೆ 13 ಪಿಎಸ್‌ಐ ಗಾಳಿಗೆ ಸಮ. ಪಂಕ್ಚರ್ ಮಾತೇ ಇಲ್ಲ.

ಇದರ ಶತ್ರು ಬಿಸಿ. ಟಾರು ರಸ್ತೆಯಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡಿಸಿದರೆ ನೊರೆ ಒಳಗೊಳಗೇ ಉಜ್ಜಿಕೊಂಡು ಕಾದು, ಕರಗಿ ತುಂಡಾಗುತ್ತದೆ. ಹಾಗಾಗಿ ಉಜ್ಜಾಟ ತಗ್ಗಿಸುವ ಮೂಸ್ ಜೆಲ್ ಹಚ್ಚುವಲ್ಲಿ ಕಂಜೂಸುತನ ಬೇಡವೇ ಬೇಡ: ಮೂಸ್‌ನ ಸುತ್ತಲೂ, ಟೈರಿನ ಒಳಗೋಡೆಗೂ ಕೈ ಜಾರುವಷ್ಟು ಬಳಿಯಿರಿ. ಪೆಟ್ರೋಲಿಯಂ ಗ್ರೀಸ್ ಮಾತ್ರ ಮುಟ್ಟಬೇಡಿ, ರಬ್ಬರ್ ಉಬ್ಬಿ ಕೆಡುತ್ತದೆ.

ಕೂರಿಸುವುದು ಬೆವರಿಳಿಸುವ ಕೆಲಸ. ಟೈರನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿ, ಮೊದಲು ಮೂಸ್ ತುರುಕಿ, ಆಮೇಲೆ ರಿಮ್ಮಿಗೆ ಏರಿಸಿ. ರಿಮ್ ಲಾಕ್ (ಟೈರಿನ ಅಂಚನ್ನು ರಿಮ್ಮಿಗೆ ಒತ್ತಿ ಹಿಡಿಯುವ ಕ್ಲಾಂಪು) ಇರುವ ಕಡೆ ಟೈರಿನ ಅಂಚು ಅದರಡಿ ಸಿಕ್ಕಿಕೊಂಡಿದೆಯೇ ಅಂತ ಬೆರಳಿಟ್ಟು ನೋಡಿ. ಬಹಳ ಮಂದಿ ಎಡವುವುದು ಇಲ್ಲೇ. ಉದ್ದನೆಯ ಮೂರು ಟೈರ್ ಲಿವರ್ ಇಲ್ಲದೆ ಕೈ ಹಾಕಲೇಬೇಡಿ.

ನಿಜವಾದ ಕೊರತೆಯೆಂದರೆ ಮರಳು ದಿಬ್ಬ ಬಂದಾಗ ಹೆಚ್ಚು ಹಿಡಿತಕ್ಕಾಗಿ ಟ್ಯೂಬಿನಂತೆ ಗಾಳಿ ಇಳಿಸುವ ಹಾಗಿಲ್ಲ. ಹಳೆಯದಾದಂತೆ ಮೂಸ್ ಕುಗ್ಗುತ್ತದೆ, ಟೈರಿನ ಪಕ್ಕ ಅದುಮಿದರೆ ಪೊಳ್ಳು ಪೊಳ್ಳು ಅನ್ನಿಸುತ್ತದೆ. ಆಗ ಬದಲಿಸಿ. ದಿನನಿತ್ಯದ ರಸ್ತೆಗೆ ಇದು ಖಂಡಿತ ಬೇಡ. ಮರಳುಗಾಡಿಗೆ ಕಣ್ಣುಮುಚ್ಚಿ ಕೊಳ್ಳಬಹುದು.